ಕುಬಸಕ್ಕೆ ಬಾರದ ಕಾರಣ

ಕಲ್ಪನಾ,

ಐದನೇ ತರಗತಿಗೆ ಶಾಲೆ ಬಿಟ್ಟವಳ ಅಕ್ಷರ ಇದು. ಒತ್ತು, ದೀರ್ಘ ತಪ್ಪಿದ್ದರೆ ಬೈಯಬೇಡ. ಕಳಿಸುವುದಂತೂ ಇಲ್ಲ.

ಬಸುರಿಯಾದ ನಿನ್ನ ಕುಬಸಕ್ಕೆ ಕರೆಯಲು ನಿನ್ನವ್ವ ಶಿರವಾಳದಿಂದ ಗೋಗಿಗೆ, ನನ್ನ ಗಂಡನ ಮನೆಗೆ ಬಂದಾಗ, "ಹೊರಗಾಗೀನ್ರಿ ಚಿಗವ್ವ, ಬರಾಕ ಆಗಂಗಿಲ್ಲ" ಅಂದೆ. ಸುಳ್ಳು. ನಿನಗೆ ತಿಳಿದಿರಬೇಕು, ಆಮೇಲೆ ನೀನು ಫೋನು ಮಾಡಿಲ್ಲ. ನನ್ನ ಮುಟ್ಟಿನ ದಿನಗಳು ನನಗಿಂತ ನಿನಗೇ ನೆನಪಿರುತ್ತಿದ್ದವು. ಆಡು ಕಾಯುವಾಗ ಹೊಟ್ಟೆ ಹಿಡಿದು ನಾನು ಬೇವಿನ ಗಿಡದ ಕೆಳಗೆ ಬಿದ್ದಾಗ, "ಬಿದ್ಕೋ ಮಹಾರಾಣಿ, ನಿನ್ನ ಆಡೂ ನಾನೇ ಕಾಯ್ತೀನಿ" ಅನ್ನುತ್ತಿದ್ದೆ ನೀನು.

ಆ ನೋವಿಗೆ ನಿನ್ನೆ ಹೆಸರು ಸಿಕ್ಕಿತು, ಎಂಡೊಮೆಟ್ರಿಯೋಸಿಸ್. ಯಾದಗಿರಿಯ ಡಾಕ್ಟರಮ್ಮ ಬಿಡಿಸಿ ಹೇಳಿದರು: "ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳದದ. ತಿಂಗಳಾ ಅಲ್ಲೂ ರಕ್ತ ಬರ್ತದ, ಬಾವು ಆಗ್ತದ. ಬೆಳೀಬ್ಯಾಡ ಅಂತ ಹಾರ್ಮೋನು ಹೇಳಿದ್ರೂ ಆ ಕಣ ಕೇಳಂಗಿಲ್ಲ. ಅದಕ್ಕ ಕೂಸು ನಿಲ್ಲವಲ್ದು. ನಿಂದೇನೂ ತಪ್ಪಿಲ್ಲವಾ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದೇ ಬಾವಿಯ ನೀರು ಕುಡಿದೆವು, ಒಂದೇ ವರ್ಷ ಮದುವೆಯಾದೆವು. ನಿನ್ನ ಮೈಯ ಕಣಗಳು ಮಾತ್ರ ಯಾಕೆ ಮಾತು ಕೇಳಿದವು? ಒಂದು ದಿನವಾದರೂ ನೀನು ಆ ಬೇವಿನ ಕೆಳಗೆ ಬೀಳಬೇಕಿತ್ತು ಎಂದುಕೊಂಡೆ. ಬರೆದದ್ದನ್ನು ಓದಲು ನನಗೇ ಹೆದರಿಕೆ.

ಮೂರು ತಿಂಗಳು ಗುಳಿಗೆ ಕೊಟ್ಟಿದ್ದಾರೆ. ಮುಟ್ಟು ನಿಲ್ಲುತ್ತದಂತೆ, ಕೂಸಿನ ಮಾತು ಆಮೇಲೆ. ನಿನ್ನದು ಕೂಸಿನಿಂದ ನಿಂತಿತು, ನನ್ನದು ಗುಳಿಗೆಯಿಂದ ನಿಲ್ಲುತ್ತದೆ. ಮುಟ್ಟು ನಿಂತದ್ದು ಬಸಿರೆಂದು ಅತ್ತೆ ದಿನ ಎಣಿಸಿ ಆಸೆಪಡುವ ಮೊದಲೇ ಹೇಳಬೇಕು.

ಇವತ್ತು ಮುಂಜಾನೆ ಮೊದಲ ಗುಳಿಗೆ ನುಂಗಿ, ಉಳಿದವನ್ನು ಅತ್ತೆಯ ಎಲೆಯಡಿಕೆ ಚೀಲದ ಪಕ್ಕದಲ್ಲಿ ಕಾಣುವಂತೆ ಇಟ್ಟು, ರೊಟ್ಟಿ ಬಡಿಯಲು ಕುಳಿತೆ.