ಸೀಟಿನ ಮೇಲಿನ ದಸ್ತಿ

ಸೋಮವಾರ, ಸಂಜೆ

ಮತ್ತೆ ಅದೇ. ಮಧ್ಯಾಹ್ನ ಭಾಲ್ಕಿ ಸೆಂಟರಿನಿಂದ ಸಾನಿಯಾ ಫೋನು: "ಸುವರ್ಣಾ ಅಕ್ಕಾ, ಓ ನೆಗೆಟಿವ್ ಒಂದೇ ಬ್ಯಾಗ್ ಅದ. ಬುಕ್ ಮಾಡ್ಲಾಕ ಹೋದ್ರ ಸ್ಕ್ರೀನ್ ಸುಮ್ಮ ತಿರಗ್ಲಾಕತ್ತದ. ಹೆರಿಗಿ ಪೇಷಂಟ್ ಅದಾಳ್ರಿ!"

ರಕ್ತ ನಮ್ಮ ಬೀದರ ರಕ್ತನಿಧಿಯ ಫ್ರಿಜ್ಜಿನಲ್ಲಿ. ಬುಕಿಂಗ್ ಭಾಲ್ಕಿ, ಔರಾದಿನಿಂದ. ಸರ್ವರ್ ನೋಡಿದೆ. ಔರಾದಿನದೊಂದು ಸೆಷನ್, ಅಂದರೆ ಅಲ್ಲಿನ ಕಂಪ್ಯೂಟರ್ ತೆರೆದ ಸಂಪರ್ಕ, ಆ ಬ್ಯಾಗನ್ನು ಹಿಡಿದು ಕೂತಿದೆ, ಒಂದು ಗಂಟೆಯಿಂದ. ಅಲ್ಲಿ ಕರೆಂಟ್ ಹೋಗಿ ಕಂಪ್ಯೂಟರ್ ಆರಿದೆ — ಸರ್ವರಿಗೆ ಅದು ಗೊತ್ತೇ ಇಲ್ಲ. ಆ ಸೆಷನ್ನನ್ನು ಕೈಯಾರೆ ಕೊಂದೆ. ಬ್ಯಾಗ್ ಬಿಟ್ಟಿತು, ಗಾಡಿ ಹೊರಟಿತು. ತಾಯಿ, ಮಗು ಕ್ಷೇಮ. ಆದರೆ ಇಪ್ಪತ್ತು ನಿಮಿಷ ಹಾಳು. ನಾನು ಊಟಕ್ಕೆ ಎದ್ದಿದ್ದರೆ?... ಭಯವಾಗುತ್ತಿದೆ.

ಮಂಗಳವಾರ

ಎರಡು ನಿಮಿಷ ಸುಮ್ಮನಿದ್ದ ಸೆಷನ್ ತಾನೇ ಕಡಿಯುವಂತೆ ಇಟ್ಟೆ. ಭಾರಿ ಬುದ್ಧಿವಂತೆ ಅಂದುಕೊಂಡೆ, ಹನ್ನೊಂದು ಗಂಟೆಯವರೆಗೆ.

ಔರಾದಿನ ಆಪರೇಟರ್ ಮಚ್ಛೇಂದ್ರ ಕಾಕಾ. ಒಂದೇ ಬೆರಳಿನ ಟೈಪಿಂಗ್. ಒಂದು ಹೆಸರು ಹೊಡೆದು, ಚೀಟಿ ನೋಡಿ, ಚಷ್ಮಾ ಒರೆಸಿ... ಮೂರು ಸಲ ಕಡಿಯಿತು. ಫೋನು ಮಾಡಿದರು:

"ಬಾಯಾರ, ನಾ ಕುರ್ಚಿ ಮ್ಯಾಲೇ ಕುಂತೀನಿ. ಸತ್ತೀನಂತ ನಿಮ್ಮ ಸರ್ವರಿಗಿ ಯಾರ್ ಹೇಳ್ಯಾರ್ರಿ?"

ನಾಚಿಕೆಯಾಯಿತು. ಸುಮ್ಮನಿರುವವರೆಲ್ಲ ಸತ್ತವರಲ್ಲ. ತೆಗೆದುಹಾಕಿದೆ.

ಶುಕ್ರವಾರ, ಸಂಜೆ

ಎರಡು ದಿನ ಬರೆದಿಲ್ಲ. ಸ್ಕ್ರೀನ್ ಕಾಯುವುದೇ ಆಯಿತು. ಊಟದ ಡಬ್ಬಿಯೂ ಅದರ ಮುಂದೆಯೇ.

ಡ್ಯೂಟಿ ಮುಗಿಸಿ ಭಾಲ್ಕಿ ಬಸ್ಸು. ತುಂಬಿತ್ತು. ಒಂದು ಸೀಟಿನ ಮೇಲೆ ಮಾತ್ರ ಯಾರದೋ ಕರವಸ್ತ್ರ, ಕೆಂಪು ದಸ್ತಿ. ಕಿಟಕಿಯಿಂದ ಎಸೆದು ಸೀಟು ಹಿಡಿದವರ ಪತ್ತೆಯಿಲ್ಲ. ನಿಂತವರು ಯಾರೂ ಮುಟ್ಟುವುದಿಲ್ಲ — ಅದು ನಮ್ಮ ಕಡೆಯ ಕಾನೂನು. ಕಂಡಕ್ಟರ್ ಕೂಗಿದ: "ದಸ್ತಿ ಯಾರದ್ರೀ?" ಮತ್ತೆ ಕೂಗಿದ. ಮೂರನೇ ಸಲಕ್ಕೂ ಉತ್ತರವಿಲ್ಲ. ದಸ್ತಿ ತೆಗೆದು ಕಂಬಿಗೆ ಕಟ್ಟಿದ. "ಕೂಡ್ರಿ ಅಕ್ಕಾ."

ಕೂತವಳು ಒಬ್ಬಳೇ ನಕ್ಕೆ. ಕೇಳಬೇಕು! ಕಡಿಯುವ ಮೊದಲು ಕೇಳಬೇಕು. ಕಾಕಾ ಬೆರಳಾಡಿಸದಿದ್ದರೂ ಅವರ ಕಂಪ್ಯೂಟರ್ 'ಇದ್ದೇನೆ' ಅನ್ನುತ್ತದೆ. ಕರೆಂಟ್ ಹೋಗಿ ಆರಿದ ಕಂಪ್ಯೂಟರ್ ಅನ್ನುವುದಿಲ್ಲ.

ಶನಿವಾರ

ಇಟ್ಟೆ. ಸದ್ದಿಲ್ಲದ ಸೆಷನ್ನನ್ನು ಸರ್ವರ್ ಹತ್ತು ಸೆಕೆಂಡಿಗೊಮ್ಮೆ 'ಇದ್ದೀಯಾ?' ಎಂದು ಕೇಳುವುದು, ಮೂರು ಸಲ. ಉತ್ತರವಿಲ್ಲವೇ — ಹಿಡಿದದ್ದನ್ನು ಬಿಡಿಸಿ ಹೊರಗೆ. ಕಾಕಾಗೂ ತಿಳಿಸಿ ಹೇಳಿದೆ. ಅವರು ಚಹಾ ಮುಗಿಸುವವರೆಗೂ ಸೆಷನ್ ಕಡಿಯಲಿಲ್ಲ.

ಬುಧವಾರ, 11.25

ಸಾನಿಯಾ: "ಅಕ್ಕಾ, ಮತ್ತ ಓ ನೆಗೆಟಿವ್. ಮತ್ತ ತಿರಗ್ಲಾಕತ್ತದ್ರಿ..."

ಕೊಲ್ಲಲೆಂದು ಸ್ಕ್ರೀನ್ ತೆರೆದೆ. ಔರಾದಿನ ಸೆಷನ್ ಇಲ್ಲ. ಸರ್ವರ್ ತಾನೇ ಬಿಡಿಸಿದೆ; ಕೊಲ್ಲಲು ಏನೂ ಇಲ್ಲ.

"ಹಾಂ ಅಕ್ಕಾ, ಬುಕ್ ಆಯ್ತ್ರಿ!"

ಗಾಡಿ ಹೊರಟಿತು. ಬ್ಯಾಗ್ ಬಿಡಲು ಒಂದು ನಿಮಿಷವೂ ಹಿಡಿಯಲಿಲ್ಲ. ಕಣ್ಣು ತುಂಬಿ ಬಂತು.

ಈಗ ಔರಾದಿನಿಂದ ಕಾಕಾ, ಮೊಬೈಲಿನಲ್ಲಿ: "ಬಾಯಾರ, ಕರೆಂಟ್ ಹೋಯ್ತು. ಈ ಸಲ ನಾ ಖರೇನೇ ಹೋಗಿದ್ದೆ. ನಿಮ್ಮ ಸರ್ವರ್ ನನ್ನ ಕೇಳಿತೇನ್ರಿ?"

ಕೇಳಿತು ಕಾಕಾ. ಮೂರು ಸಲ ಕೇಳಿತು. ಆಮೇಲೇ ನಿಮ್ಮ ದಸ್ತಿ ತೆಗೆದು ಕಂಬಿಗೆ ಕಟ್ಟಿತು.