ಪಿಕಪ್‌ಗೆ ಹೊಸ ಸ್ಪೀಕರ್ ಹಾಕಿಸಿದ ಮೇಲೆ

ಮಾವಾರ,

ಎಲ್ಲಿದ್ದೀರೋ ಅಲ್ಲಿಗೆ ನಿಮ್ಮ ಸೊಸೆ ಸವಿತಾಳ ನಮಸ್ಕಾರ. ನಿಮಗೆ ಸಿಟ್ಟು ಬರುವ ಸುದ್ದಿಯನ್ನು ಮೊದಲೇ ಹೇಳಿ ಹಗುರಾಗುತ್ತೇನೆ. ನಿಮ್ಮ ಪಿಕಪ್‌ನ ಕಂಪನಿ ಟೇಪು, ಬಾಗಿಲಿನ ಸ್ಪೀಕರು, ಎಲ್ಲ ಕೀಳಿಸಿ ಹೊಸದು ಹಾಕಿಸಿದ್ದೇನೆ. ಕೋಗಿಲಬನದ ರಸ್ತೆಯಲ್ಲಿ ನನಗೆ ಗಾಡಿ ಕಲಿಸುವಾಗ ಟೇಪಿನ ಗುಂಡಿಗೆ ಕೈ ಹಾಕಿದ್ದಕ್ಕೆ ಹೇಗೆ ಗದರಿದ್ದಿರಿ, ನೆನಪಿದೆಯೇ? "ಗೇರ್ ಕಡೆ ಲಕ್ಷ್ಯ ಕೊಡವಾ, ಹಾಡು ಕೇಳಾಕ ಮದುವಿ ಮನಿಗೆ ಹೊಂಟಿಲ್ಲ ನಾವು" ಅಂದಿರಿ. ಈಗ ಗದರಲು ನೀವಿಲ್ಲ. ಇಲ್ಲ ಅಂತ ಬರೆದುಬಿಟ್ಟೆ, ಆದರೆ ಇತ್ತೀಚೆಗೆ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಹಾಗೆ ಬರೆಯಲು ಧೈರ್ಯ ಸಾಲುವುದಿಲ್ಲ.

ಕಾಯಿಪಲ್ಲೆ ಮಾರುವ ನಿಮ್ಮ ಕೂಗನ್ನು ನನ್ನ ಮೊಬೈಲಿನಲ್ಲಿ ಹಿಡಿದ ಆ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಊರೂರು ಕೂಗಿ ಗಂಟಲು ಹರಿದುಕೊಳ್ಳುತ್ತೀರಿ, ಒಮ್ಮೆ ರೆಕಾರ್ಡ್ ಮಾಡಿಟ್ಟರೆ ಟೇಪೇ ಕೂಗುತ್ತದೆ ಎಂದು ನಾನೇ ಹೇಳಿ, ಫೋನನ್ನು ನಿಮ್ಮ ಕೈಗಿಟ್ಟು ಒಳಗೆ ಬಂದಿದ್ದೆ. ಅಂಗಳದಲ್ಲಿ ಆರತಿ ತಟ್ಟೆ ಹಿಡಿದವರ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಿರಿ. "ಕಾಯಿಪಲ್ಲೆ ಬಂದಾವ ಬರ್ರೆವ್ವಾ, ಬರ್ರಿ!" ಮೂರು ಸಲ ಅದೇ ಕೂಗು. ಒಂದು ಸಲ ಸಾಕಿತ್ತಲ್ಲ, ಅದು ತಾನೇ ತಿರುಗಿ ತಿರುಗಿ ಹಾಡುತ್ತದೆ ಎಂದು ಫೋನು ವಾಪಸು ತೆಗೆದುಕೊಳ್ಳುವಾಗ ನಾನು ನಕ್ಕರೆ ನೀವು ನಗಲಿಲ್ಲ. "ಒಂದ ಸಲಾ ಕರದ್ರ ಯಾರೂ ಬಾಗಲಾ ತಗಿಯೂದಿಲ್ಲವಾ. ಸತ್ತವರು ಒಂದ ಸಲಾ ಕರೀತಾರ. ಓ ಅಂದ್ರ ಕರಕೊಂಡ ಹೋಗ್ತಾರ. ಬದುಕಿದ್ದವರು ಮೂರ ಸಲಾ ಕರೀಬೇಕು." ಜೊಯಿಡಾ ಕಡೆಯ ಒಂಟಿ ಮನೆಗಳಲ್ಲಿ ಹೆಂಗಸರು ಮೂರನೆಯ ಕೂಗಿಗಾಗಿ ಬಾಗಿಲ ಹಿಂದೆ ಕಾದು ನಿಂತಿರುತ್ತಾರೆ ಎಂಬುದು ನನಗೆ ತಿಳಿದದ್ದು ಗಾಡಿ ನನ್ನ ಕೈಗೆ ಬಂದ ಮೇಲೆ.

ಆ ಕೂಗನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟೆ, ಅದನ್ನೇ ಟೇಪಿನಲ್ಲಿ ಹಚ್ಚಿಕೊಂಡು ನೀವು ಎಷ್ಟೋ ದಿನ ಊರೂರು ತಿರುಗಿದಿರಿ. ಒಂದು ರಾತ್ರಿ ಊಟ ಮಾಡಿ ಮಲಗಿದವರು ಏಳಲೇ ಇಲ್ಲ. ದಿನಕರ್ಮ ಮುಗಿದ ಮೇಲೆ ನಿಮ್ಮ ಮಗ ಗಾಡಿ ಮಾರುವ ಮಾತೆತ್ತಿದರು. ಅವರಿಗೆ ಕಾಗದದ ಕಾರ್ಖಾನೆಯ ಪಾಳಿ ಬಿಟ್ಟು ಬರಲಾಗದು. ನಾನು ಹೊಡೆಯುತ್ತೇನೆ ಅಂದೆ. ಮೊದಲ ದಿನ ಹಳಿಯಾಳದಲ್ಲಿ ಮಾಲು ತುಂಬಿಕೊಂಡು ಕೋಗಿಲಬನಕ್ಕೆ ಬಂದು ಕೂಗಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಪೆನ್‌ಡ್ರೈವ್ ಟೇಪಿನಲ್ಲೇ ಇತ್ತು, ಗುಂಡಿ ಒತ್ತಿದೆ. ಮೂರನೆಯ ಕೂಗಿಗೆ ಪಾರ್ವತಕ್ಕ ಬುಟ್ಟಿ ಹಿಡಿದು ಬಂದಳು. ಡ್ರೈವರ್ ಸೀಟಿನಲ್ಲಿ ನನ್ನನ್ನು ಕಂಡು, ಆ ಕಡೆಯ ಬಾಗಿಲಿಗೂ ಹೋಗಿ ಇಣುಕಿ, "ಎಲ್ಲೆ ಅದಾರ ಅವರು?" ಅಂದಳು. ಹೇಳಿದೆ. ಆಕೆಯ ಕೈ ಬದನೆಕಾಯಿಯ ಮೇಲೆ ಹಾಗೇ ನಿಂತಿತು. "ಮತ್ತ ಈಗ ಕರದವರು ಯಾರವಾ?" ನಾನು ತಕ್ಕಡಿ ಎತ್ತಿಕೊಂಡೆ. ಮುಂದಿನ ಸಲವೂ ಆಕೆ ಮೂರನೆಯ ಕೂಗಿಗೇ ಬಂದಳು, ಆದರೆ ಗಾಡಿಯ ಒಳಗೆ ನೋಡದೆ ತೂಕ ಮಾಡಿಸಿಕೊಂಡು ಹೋದಳು.

ಈ ಮಳೆಗಾಲದಲ್ಲಿ ನಿಮ್ಮ ದನಿ ಕೆಡತೊಡಗಿತು. ಮೊದಲು ಗೊಗ್ಗರಾಯಿತು, ಆಮೇಲೆ ನಡುನಡುವೆ ಉಸಿರು ಸಿಕ್ಕಿಕೊಂಡ ಹಾಗೆ ನಿಲ್ಲತೊಡಗಿತು. ತೇರಗಾಂವದಲ್ಲಿ ಒಬ್ಬಳು ಚವಳಿಕಾಯಿ ಆರಿಸುತ್ತ, "ಯಾಕವಾ, ಮಾವಾರಿಗೆ ಆರಾಮಿಲ್ಲೇನು?" ಎಂದು ಕೇಳಿದಳು. ನೀವು ಹೋದದ್ದು ಆಕೆಗೆ ಗೊತ್ತಿತ್ತು, ಹಣೆಗೆ ಕೈ ಹಚ್ಚಿ ಮರುಗಿದ್ದಳು ಕೂಡ. ಆದರೂ ಕೇಳಿದಳು, ನಾನೂ "ಸ್ವಲ್ಪ ಗಂಟಲಾ ಕಟ್ಟೇತ್ರಿ" ಎಂದು ಉತ್ತರ ಕೊಟ್ಟೆ! ಅತ್ತೆಯದಂತೂ ಬೇರೆಯೇ ಕತೆ. ಸಂಜೆ ನಮ್ಮ ಓಣಿಗೆ ತಿರುಗುವಾಗ ಒಮ್ಮೆ ಕೂಗು ಹಚ್ಚುವುದು ನೀವು ಇದ್ದಾಗಿನಿಂದ ನಡೆದುಬಂದ ರೂಢಿ, ಗೇಟು ತೆಗೆಯಲು ಅತ್ತೆಗೆ ಅದೇ ಸೂಚನೆ. ಒಂದು ಸಂಜೆ ಅವರು ಅಗಳಿ ಹಿಡಿದು ನಿಂತು, "ದಿನಾ ದಿನಾ ಕುಗ್ಗಾಕತ್ತಾರ ನೋಡ. ಏನರೆ ಔಷಧ ಮಾಡಸ, ಸವಿತಾ" ಅಂದರು. ಮರುದಿನವೇ ದಾಂಡೇಲಿಯ ರಫೀಕನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ.

ರಫೀಕ ಬಾಗಿಲಿನ ಒಳಹಲಗೆ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. "ಕಂಪನಿ ಸ್ಪೀಕರ್ ಅಂದ್ರ ಬರೇ ಕಾಗದ ಐತಕ್ಕಾ. ಮಳಿ ನೀರ ಇಳದ ಹರದ ಹೋಗೈತಿ" ಎಂದು ಅದನ್ನು ಹೊರಗೆಳೆದ. ಅದರ ಹಿಂದಿನಿಂದ ನಿಮ್ಮ ಬಾಚಣಿಗೆ ಬಂತು. ಕಿಟಕಿಯ ಸಂದಿಯಿಂದ ಯಾವಾಗ ಒಳಗೆ ಬಿದ್ದಿತ್ತೋ, ಹಲ್ಲುಗಳ ನಡುವೆ ಬಿಳಿ ಕೂದಲು ಹಾಗೇ ಸಿಕ್ಕಿಕೊಂಡಿತ್ತು. ಇದನ್ನು ಹುಡುಕುತ್ತ ನೀವು ಮನೆಯನ್ನೆಲ್ಲ ತಲೆ ಮೇಲೆ ಮಾಡಿದ್ದು, ನಾನು ಕದ್ದೆನೆಂದು ನಿಮ್ಮ ಮಗನ ಹತ್ತಿರ ಚಾಡಿ ಹೇಳಿದ್ದು ಎಲ್ಲ ನೆನಪಾಯಿತು, ಸೆರಗಿನಲ್ಲಿ ಕಟ್ಟಿಕೊಂಡೆ. ರಫೀಕ ಬಾಗಿಲ ತಗಡಿನ ಒಳಗೆಲ್ಲ ಡಾಂಬರಿನಂಥ ದಪ್ಪ ಹಾಳೆ ಅಂಟಿಸಿ ಅದರ ಗಡಗಡ ನಿಲ್ಲಿಸಿದ. ಎರಡೂ ಬಾಗಿಲಿಗೆ ಹೊಸ ಸ್ಪೀಕರ್, ಸೀಟಿನ ಕೆಳಗೆ ದನಿಗೆ ಬಲ ಕೊಡುವ ಆಂಪ್ಲಿಫೈಯರ್, ಬೆನ್ನ ಹಿಂದೆ ಚಪ್ಪಟೆಯಾದ ಒಂದು ದೊಡ್ಡ ಸ್ಪೀಕರ್. ಮದುವೆ ಮನೆಗೇ ಹೊರಟ ಹಾಗಾಯಿತು, ಬೈಯಬೇಡಿ.

ಅವನು ಅದೇ ಪೆನ್‌ಡ್ರೈವ್ ಹಾಕಿ ಗುಂಡಿ ಒತ್ತಿದಾಗ ಹೊತ್ತು ಮುಳುಗಲು ಬಂದಿತ್ತು. ಮೊದಲ ಕೂಗಿಗೇ ಸೀಟು ನನ್ನ ಬೆನ್ನಿಗೆ ಅದುರಿತು. ಮಾವಾರ, ಅದು ಟೇಪಿನ ದನಿ ಅಲ್ಲ. ಕೂಗುವ ಮುಂಚೆ ನೀವು ಉಸಿರು ಎಳೆದುಕೊಂಡದ್ದು ಕೇಳಿತು, ನಾಲಿಗೆ ಅಂಗುಳಕ್ಕೆ ತಾಗಿದ್ದು ಕೇಳಿತು. ಪಕ್ಕದಲ್ಲಿ ಕೂತಿದ್ದ ರಫೀಕ ಕತ್ತು ತಿರುಗಿಸಿ ಸೀಟಿನ ಹಿಂದೆ ನೋಡಿದ. ಮೂರು ಕೂಗು ಮುಗಿದವು. ಹಳೆಯ ಸ್ಪೀಕರಿನಲ್ಲಿ ಅಲ್ಲಿ ಬರೀ ಸುಯ್ಯೆನ್ನುವ ಸದ್ದಿರುತ್ತಿತ್ತು, ನಿಮಗೂ ಗೊತ್ತು. ಈಗ ಆ ಸುಯ್ಯಿನ ಒಳಗಿನಿಂದ, ಮುಖ ಆ ಕಡೆ ತಿರುಗಿಸಿ ಮೆಲ್ಲಗೆ ಕರೆದ ಹಾಗೆ, "ನೀಲಾ, ಇಲ್ಲೆ ಬಾ" ಎಂದು ಬಂತು. ಒಂದೇ ಸಲ. ಆಮೇಲೆ ಮತ್ತೆ ಮೊದಲ ಕೂಗು ಶುರುವಾಯಿತು.

"ನೀಲಾ ಯಾರಕ್ಕಾ?" ಅಂದ ರಫೀಕ. ನಮ್ಮ ಅತ್ತೆ ಎಂದೆ. "ಮೊದಲಿಂದಾನೂ ಇದರಾಗ ಐತಕ್ಕಾ. ಸಣ್ಣ ದನಿ. ಹಳೇ ಸ್ಪೀಕರಿಗೆ ಎತ್ತಾಕ ಆಗಿರ್ಲಿಲ್ಲ." ಇದರಲ್ಲಿ ಹೆದರುವಂಥದ್ದೇನಿದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಕೂಗಿ ಮುಗಿಸಿದ ಮೇಲೆ ಫೋನು ನಿಲ್ಲಿಸುವುದು ನಿಮಗೆ ತಿಳಿದಿರಲಿಕ್ಕಿಲ್ಲ, ಅದಕ್ಕೇ ಹೆಂಡತಿಯನ್ನು ಕರೆದಿರಿ, ಅಷ್ಟೇ ತಾನೇ? ಹಾಗಿದ್ದರೂ ಊರಿನವರಿಗೆಲ್ಲ ಮೂರು ಸಲ, ಅತ್ತೆಗೆ ಮಾತ್ರ ಒಂದೇ ಸಲ... ಆ ಸಂಜೆ ಓಣಿಯ ತಿರುವಿನಲ್ಲಿ ರೂಢಿಯ ಪ್ರಕಾರ ಕೂಗು ಹಚ್ಚಿದೆ. ಅತ್ತೆ ಗೇಟು ತೆರೆದು ನಿಂತಿದ್ದರು, ಮೂರು ಕೂಗಿಗೂ ಮುಖ ಅರಳಿತು. ನಾನು ಗುಂಡಿಗೆ ಕೈ ಹಾಕುವಷ್ಟರಲ್ಲಿ ಆ ನಾಲ್ಕನೆಯದು ಬಂದೇಬಿಟ್ಟಿತು. "ಬಂದ್ನಿ" ಅಂದರು ಅತ್ತೆ. ಚಪ್ಪಲಿ ಕೂಡ ಹಾಕಿಕೊಳ್ಳದೆ ಗಾಡಿಯ ಹತ್ತಿರ ಬಂದು, ಬಾಗಿಲ ಮೇಲೆ ಕೈಯಿಟ್ಟರು. ಆಮೇಲೆ ನನ್ನನ್ನು ಕೇಳಿದರು: "ಒಂದ ಸಲಾ ಅಷ್ಟ ಕರದ್ರಲ್ಲ?"

ಅಂದಿನಿಂದ ಅತ್ತೆ ಹೊರಡುವ ತಯಾರಿ ಶುರು ಮಾಡಿದರು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಮಧ್ಯಾಹ್ನವೇ ತಲೆ ಬಾಚಿ, ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದರು. ಕಪಾಟಿನ ಕೀಲಿ ನನ್ನ ಕೈಗಿಟ್ಟರು. ಈ ಕೀಲಿಗಾಗಿ ನಾವಿಬ್ಬರೂ ಎಷ್ಟು ಮುಖ ಊದಿಸಿಕೊಂಡಿದ್ದೆವು, ನಿಮಗೆ ಗೊತ್ತಲ್ಲ? ರಾತ್ರಿಯ ಊಟ ಬಿಟ್ಟರು, "ದಾರಿಯೊಳಗ ಹೊಟ್ಟಿ ಭಾರ ಆಗ್ತೈತಿ" ಅಂದರು. ಯಾವ ದಾರಿ? ನಾನು ಕೂಗು ಹಚ್ಚುವುದನ್ನು ಬಿಟ್ಟೆ, ಸದ್ದಿಲ್ಲದೆ ಓಣಿಗೆ ಬಂದೆ. ಆದರೂ ಗೇಟಿನಲ್ಲಿ ಅತ್ತೆ ಸೀರೆ ಉಟ್ಟು ನಿಂತಿದ್ದರು, ಬಂದವರೇ ಗಾಡಿ ಹತ್ತಿ ಆ ಕಡೆಯ ಸೀಟಿನಲ್ಲಿ ಕೂತರು. "ಅತ್ತೀ, ಇಳೀರಿ" ಅಂದರೆ, "ನಿನಗ ಕೇಳಸ್ಲಿಲ್ಲೇನ?" ಎಂದು ನನ್ನನ್ನೇ ಕೇಳಿದರು. ಅವರ ಕೈ ಹಿಡಿದೆ. ತಣ್ಣಗಿತ್ತು.

ನಿಮ್ಮ ಮಗ ಅಂದು ಮನೆಯಲ್ಲೇ ಇದ್ದರು. "ಮೊದಲ ಅದನ್ನ ಅಳಿಸಿ ಒಗಿ. ಅಪ್ಪ ಹೋದ, ಈಗ ಅವ್ವನ್ನೂ ಕಳಕೊಳ್ಳೂಣೇನ?" ಎಂದು ನನ್ನ ಮೇಲೆ ಹರಿಹಾಯ್ದರು. ತಪ್ಪೇನು ಹೇಳಲಿಲ್ಲ. ರಫೀಕನ ಕಂಪ್ಯೂಟರಿನಲ್ಲಿ ಕೊನೆಯ ತುಂಡನ್ನು ಕತ್ತರಿಸುವುದು ಚಿಟಿಕೆ ಹೊಡೆಯುವಷ್ಟು ಕೆಲಸ. ನಾನು ಪೆನ್‌ಡ್ರೈವ್ ಕಿತ್ತುಕೊಂಡು ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಅಳಸಿದ್ರ ಅವರ ಕರಿಯೂದು ನಿಲ್ಲತೈತೇನ? ಕರೀತನ ಇರ್ತಾರ. ನಮಗ ಕೇಳಸೂದಿಲ್ಲ ಅಷ್ಟ." ಅವರು ಅದನ್ನು ಎಷ್ಟು ಸಮಾಧಾನದಿಂದ ಹೇಳಿದರೆಂದರೆ, ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. "ಅತ್ತೀ, ನೀವೂ ಹೋದ್ರ ನಾ ಯಾರ ಕೂಡ ಜಗಳಾ ಮಾಡ್ಲಿ? ನನಗ ಯಾರ ಅದಾರ?" ಅಂದೆ. ಮುಂಡಗೋಡದಲ್ಲಿ ನನ್ನ ತವರಿನವರೆಲ್ಲ ಇದ್ದಾರೆ, ಗಂಡನಿದ್ದಾನೆ. ಆದರೂ ಆ ಮಾತು ಸುಳ್ಳಾಗಿರಲಿಲ್ಲ. ಅತ್ತೆ ನನ್ನ ಪಕ್ಕದಲ್ಲಿ ಬಂದು ಕೂತರು. ಮೊದಲ ಸಲ ಅವರ ಮುಖದಲ್ಲಿಯೂ ಅಂಜಿಕೆ ಕಂಡೆ. "ನನಗೂ ಹೋಗೂ ಮನಸಿಲ್ಲ ಸವಿತಾ. ಖರೆ, ಅವರು ಕರದಾಗ ಬರೂದಿಲ್ಲ ಅಂತ ಹೆಂಗ ಅನ್ಲಿ? ಅವರಿಗೆ ಒಂದ ದಿನಾನೂ ಇಲ್ಲಾ ಅಂದಾಕಿ ಅಲ್ಲ ನಾ."

ಆಗ ನನಗೆ ಹೊಳೆದದ್ದು ನಮ್ಮ ತವರಿನ ಓಣಿ. ನಾನು ಸಣ್ಣವಳಿದ್ದಾಗ, ಮನೆಯವರ ದನಿಯಲ್ಲಿ ಕರೆಯುವ ದೆವ್ವ ಬಂದಿದೆ ಎಂಬ ಸುದ್ದಿ ಹಬ್ಬಿ, ನಮ್ಮಜ್ಜಿ ಇದ್ದಿಲಿನಿಂದ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಸಿದ್ದಳು. ಬಂದದ್ದು ಅದನ್ನು ಓದಿ ತಿರುಗಿ ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಇಲ್ಲ ಎಂದು ಯಾರೂ ಹೇಳಬೇಕಾಗಿಲ್ಲ. ಅತ್ತೆಗೆ ಹೇಳಿದೆ. ಅವರು ಕಣ್ಣು ಕೆಂಪಗೆ ಮಾಡಿದರು. "ಗಂಡಗ 'ಬಾ' ಅಂತ ಬರೀಬೇಕೇನ ನಾ? ಅವರೇನ ದೆವ್ವ ಏನ?" ಎಂದು ಬೈದರು. ಆ ಬೈಗುಳ ಕೇಳಿ ನನಗೆ ಎಷ್ಟೋ ದಿನದ ಮೇಲೆ ಜೀವ ಬಂದ ಹಾಗಾಯಿತು.

ಮರುದಿನ ದೀಪ ಹಚ್ಚುವ ಹೊತ್ತಿಗೆ ಅವರೇ ಬಂದು ಗಾಡಿಯಲ್ಲಿ ಕೂತು, "ಹಚ್ಚ" ಅಂದರು. ಹಚ್ಚಿದೆ. ಮೂರು ಕೂಗು. ಕಿಟಕಿಯ ಆಚೆ ನಿಮ್ಮ ಮಗ ನಿಂತಿದ್ದರು. "ನೀಲಾ, ಇಲ್ಲೆ ಬಾ." ಅತ್ತೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಹೊಸ ಸ್ಪೀಕರಿನ ಕಡೆಗೆ ಬಾಗಿ, ಒಳಮನೆಯಿಂದ ನಿಮ್ಮ ಕೂಡ ಮಾತಾಡುತ್ತಿದ್ದ ಅದೇ ದನಿಯಲ್ಲಿ ಹೇಳಿದರು: "ಇವತ್ತ ಆಗೂದಿಲ್ರಿ. ಕೆಲಸ ಭಾಳ ಐತಿ. ನಾಳೆ ಬರ್ರಿ."

ಆಮೇಲೆ ಏನಾಯಿತೆಂದು ನಿಮಗೆ ಗೊತ್ತಿದ್ದರೆ ಗೊತ್ತು, ಇಲ್ಲವಾದರೆ ನಾನು ಹೇಳಿದರೂ ನಂಬಲಿಕ್ಕಿಲ್ಲ. ಸ್ಪೀಕರಿನಿಂದ "ಹೂಂ" ಎಂದು ಬಂತು. ನಾನು ಕೇಳಿದೆ, ಅತ್ತೆ ಕೇಳಿದರು, ಹೊರಗಿದ್ದ ನಿಮ್ಮ ಮಗ ಎರಡು ಹೆಜ್ಜೆ ಹಿಂದೆ ಸರಿದರು. ಪೆನ್‌ಡ್ರೈವನ್ನು ರಫೀಕನ ಹತ್ತಿರ ಒಯ್ದೆ. ಅವನು ಕಂಪ್ಯೂಟರಿನಲ್ಲಿ ದನಿಯ ಗೆರೆ ತೋರಿಸಿ, "ಬಾ ಅಂದಲ್ಲಿಗೆ ಮುಗೀತಕ್ಕಾ. ಮುಂದ ಏನೂ ಇಲ್ಲ, ಸಪಾಟ ಐತಿ" ಅಂದ. ಆದರೂ ಆ "ಹೂಂ" ಈಗ ದಿನಾ ಸಂಜೆ ಬರುತ್ತದೆ, ಅತ್ತೆ ಹೇಳಿ ಮುಗಿಸಿದ ಮೇಲೆಯೇ ಬರುತ್ತದೆ. ನನಗೆ ಇನ್ನೂ ಅಂಜಿಕೆ ಹೋಗಿಲ್ಲ, ಇದನ್ನು ಬರೆಯುವಾಗಲೂ ಬೆನ್ನ ಹಿಂದೆ ನೋಡಿಕೊಂಡೆ.

ಅತ್ತೆ ಈಗ ರಾತ್ರಿ ಹೊಟ್ಟೆ ತುಂಬ ಉಣ್ಣುತ್ತಾರೆ. ಕಪಾಟಿನ ಕೀಲಿ ಮತ್ತೆ ಅವರ ಸೊಂಟಕ್ಕೇ ಹೋಯಿತು, ನಾನು ಒಂದು ಮಾತೂ ಆಡಲಿಲ್ಲ. ರಾಮನಗರಕ್ಕೆ ಹೋಗುವ ದಿನ ನನ್ನ ಜೊತೆ ಗಾಡಿಯಲ್ಲಿ ಬರುತ್ತೇನೆ ಎಂದು ಹಟ ಹಿಡಿದಿದ್ದಾರೆ, ಕರೆದುಕೊಂಡು ಹೋಗುತ್ತೇನೆ. ಮಾವಾರ, ನಾನಿರುವ ತನಕ ನಿಮ್ಮ ದನಿಯನ್ನು ಯಾರೂ ಅಳಿಸುವುದಿಲ್ಲ, ಇದು ನನ್ನ ಮಾತು. ಆದರೆ ನೀವೂ ನನಗೊಂದು ಮಾತು ಕೊಡಬೇಕು. ದಿನಾ ಕರೆಯಿರಿ, ಬೇಡ ಅನ್ನುವುದಿಲ್ಲ. ಅವರು ನಾಳೆ ಅಂದಾಗ ದಿನಾ ಹೀಗೇ ಒಪ್ಪಿಕೊಳ್ಳಿ. ನಿಮಗೆ ಅವಸರವಿಲ್ಲ, ನನಗೆ ಅವರು ಇನ್ನೂ ಬೇಕು.

ನಿಮ್ಮ ಸೊಸೆ,
ಸವಿತಾ