ಅಪ್ಪಾ, ಹೆಲ್ಮೆಟ್ ಬಿಚ್ಚಬೇಡ

ಅಪ್ಪಾ,

ನೀನು ಸ್ನಾನಕ್ಕೆ ಹೋಗಿದ್ದೀಯ, ನನಗೆ ಬಸ್ಸಿಗೆ ಹೊತ್ತಾಯಿತು. ಮಗು ಈಗಷ್ಟೇ ಮಲಗಿದೆ.

ಎದ್ದರೆ ಹಾಲು ಕುಡಿಸು. ಹೆಲ್ಮೆಟ್ ಮಾತ್ರ ಬಿಚ್ಚಬೇಡ, ಸಂಜೆ ಸ್ನಾನಕ್ಕೆ ನಾನೇ ಬಿಚ್ಚುತ್ತೇನೆ. ನಿನ್ನೆ ನೀನು ಬಿಚ್ಚಿದ್ದು ಗೊತ್ತಾಯಿತು. ಹೆಲ್ಮೆಟ್ ಮೇಲೆ ಡಾಕ್ಟರ್ ಹಾಕಿದ ಗೆರೆಯವರೆಗೆ ಪಟ್ಟಿ ಬಂದಿರಲಿಲ್ಲ. ಕತ್ತು ಬೆವರಿದರೆ ಒರೆಸು, ಫ್ಯಾನ್ ಹಾಕು. ಎಲ್ಲಾದರೂ ಕೆಂಪಗಾಗಿದ್ದರೆ ಫೋನ್ ಮಾಡು. ಅತ್ತರೆ ಎತ್ತಿಕೊಂಡು ತಿರುಗಾಡು. ನಿನಗೂ ಅಳು ಬಂದರೆ ಅತ್ತುಬಿಡು, ಆದರೆ ಬಿಚ್ಚಬೇಡ. ನಿನ್ನ ಕಾಲಿಗೆ ಬೀಳುತ್ತೇನೆ. ಮಗುವಿನ ಚಪ್ಪಟೆ ಹಿಂದಲೆ ದುಂಡಗಾಗುವುದಾದರೆ ಈಗಲೇ, ತಲೆಬುರುಡೆ ಗಟ್ಟಿಯಾದ ಮೇಲೆ ಯಾವ ಹೆಲ್ಮೆಟ್ಟೂ ಕೆಲಸಕ್ಕೆ ಬರುವುದಿಲ್ಲವಂತೆ. ನಾನೂ ನಿನ್ನ ಅಳಿಯನೂ ನಿದ್ದೆಗೆಟ್ಟು ಯೋಚಿಸಿಯೇ ಒಪ್ಪಿದ್ದು.

"ಕೂದಲು ಬಂದ್ರೆ ಮುಚ್ಚೋಗುತ್ತೆ ಬಿಡು" ಅಂತೀಯ. ಜೀವನಪೂರ್ತಿ ಕ್ಷೌರ ಮಾಡಿದವನಿಗೆ ನಾನೇನು ಹೇಳಲಿ? ಆದರೆ ನಿನ್ನ ಅಂಗಡಿಗೆ ಬರುತ್ತಿದ್ದ ಆ ಮೇಷ್ಟ್ರು ನೆನಪಿದ್ದಾರಾ, ಹಿಂದಲೆ ಚಪ್ಪಟೆ ಇದ್ದವರು? ಅಲ್ಲಿ ಕೂದಲು ಬಿಟ್ಟು ಎಷ್ಟು ಚೆನ್ನಾಗಿ ಮುಚ್ಚುತ್ತಿದ್ದೆ ನೀನು! ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಕೊನೆಗೆ ನೀನು ಹಿಂದೆ ಕನ್ನಡಿ ಹಿಡಿಯಲು ಹೋದರೆ, "ಬೇಡಪ್ಪಾ, ತೋರಿಸ್ಬೇಡ" ಅಂತ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ನಾಳೆ ದೊಡ್ಡವನಾದ ಮೇಲೆ ಇವನೂ ನಿನ್ನ ಕುರ್ಚಿಯಲ್ಲಿ ಕೂರುತ್ತಾನೆ. ಇವನಿಗೆ ನೀನು ಕನ್ನಡಿ ಹಿಡಿಯಬೇಕು ಅಪ್ಪಾ. ಇವನು ನೋಡಬೇಕು.